ಏಳನೆಯ ಬುಟ್ಟಿಯ ಹದಿನಾಲ್ಕನೇ ಅಧ್ಯಾಯ

ಹಟ್ಟಿಕೇರಿಯ ಪಂಚಾಯ್ತಿ ಲೈಬ್ರರಿಯಲ್ಲಿ ಮಕ್ಕಳು ಜಗಳಾಡಿ ಒಯ್ಯುತ್ತಿದ್ದ ಪುಸ್ತಕ ಅಚ್ಚಾದದ್ದಾಗಿರಲಿಲ್ಲ. ನೀಲಿ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್. ಬೆನ್ನಿಗೆ ಅಂಟುಪಟ್ಟಿ, ಮೂಲೆಗಳಲ್ಲಿ ಎಣ್ಣೆ ಬೆರಳಿನ ಗುರುತು, ಒಂದು ಪುಟದ ಮೇಲೆ ಯಾರೋ ಚೆಲ್ಲಿದ ಕೋಕಂ ಶರಬತ್ತಿನ ಕಲೆ. ಮೊದಲ ಪುಟದಲ್ಲಿ ಗುಂಡಗಿನ ಅಕ್ಷರದಲ್ಲಿ ‘ಏಳನೆಯ ಬುಟ್ಟಿ’ ಎಂದಿತ್ತು. ಬರೆದವರ ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೇಜಿನ ಹಿಂದೆ ಕೂತು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ವೈಜಯಂತಿ ಅಕ್ಕೋರೇ ಬರೆದವರು ಎಂಬುದು ಐದನೇ ಇಯತ್ತೆಯಿಂದ ಒಂಬತ್ತರವರೆಗಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು.

ಶುರುವಾದದ್ದು ಹೀಗೆ. ವರ್ಗವಾಗಿ ಹೋಗುವಾಗ ಯಾರೋ ಒಂದು ಪೆಟ್ಟಿಗೆ ಇಂಗ್ಲಿಷ್ ಪುಸ್ತಕಗಳನ್ನು ಲೈಬ್ರರಿಗೆ ಕೊಟ್ಟು ಹೋಗಿದ್ದರು. ಎಲ್ಲವೂ ಹುಡುಗ ಹುಡುಗಿಯರು ಗೂಢಚಾರರಾಗುವ ಕಥೆಗಳು. ಮುಖಪುಟದಲ್ಲಿ ಓಡುವ ಹುಡುಗಿ, ಅವಳ ಹಿಂದೆ ಕಪ್ಪು ಕಾರು. ಮಕ್ಕಳು ಚಿತ್ರ ನೋಡುತ್ತಿದ್ದರು, ಒಳಗಿನ ಅಕ್ಷರ ನೋಡುತ್ತಿದ್ದರು, ಮತ್ತೊಮ್ಮೆ ಚಿತ್ರ ನೋಡಿ ಇದ್ದಲ್ಲೇ ಇಡುತ್ತಿದ್ದರು. ವೈಜಯಂತಿಯ ಮಗಳು ನೀತಾ ಮಾತ್ರ ಬಿಡಲಿಲ್ಲ. ಸಂಜೆ ಅನ್ನಕ್ಕಿಡುವ ಹೊತ್ತಿಗೆ ಬೆನ್ನಿಗೆ ಬಿದ್ದು, ಇದರಲ್ಲಿ ಎಂತ ಆಗ್ತದೆ ಹೇಳು ಎಂದು ಪೀಡಿಸುತ್ತಿದ್ದಳು. ವೈಜಯಂತಿ ಶಬ್ದಕೋಶ ಮಗ್ಗುಲಲ್ಲಿಟ್ಟುಕೊಂಡು ಎರಡು ಪುಸ್ತಕದ ಕಥೆ ಹೇಳಿದಳು. ಬರೀ ಹಿಮ, ಸುರಂಗದ ರೈಲು, ತಿನ್ನಲು ಬ್ರೆಡ್ಡು. ನಮ್ಮ ಕಡೆ ಗೂಢಚಾರರು ಇಲ್ವಾ ಎಂದು ಕೇಳಿದಳು ಮಗಳು. ಇದ್ದಾರೆ, ಎಂದಳು ವೈಜಯಂತಿ ಅಕ್ಕಿ ತೊಳೆಯುತ್ತ. ಬೈತಖೋಲದಲ್ಲಿ ಒಬ್ಬಳಿದ್ದಾಳೆ. ಗಂಗೂ ಅಂತ.

ಆ ಗಂಗೂಗೆ ಹದಿಮೂರು ವರ್ಷ, ತಾಯಿ ಮೀನು ಮಾರುವವಳು. ಬೈತಖೋಲ ಬಂದರಿನ ಧಕ್ಕೆಯ ಮೇಲೆ ಸಾಲಾಗಿ ಇಟ್ಟ ಬುಟ್ಟಿಗಳಲ್ಲಿ ಏಳನೆಯದರ ಅಡಿಗೆ ಒಂದು ಇಸವಣ ಮೀನು. ಅದರ ಬಾಯೊಳಗೆ ಅವಳಿಗೆ ಬರುವ ಗುಪ್ತ ಚೀಟಿ. ದೇವಸ್ಥಾನದ ಹಳೆಯ ಮೂರ್ತಿಗಳನ್ನು ಕದ್ದು ಸಮುದ್ರದಲ್ಲಿ ಸಾಗಿಸುವ ತಂಡದ ಬೆನ್ನು ಹತ್ತಿದ್ದಳು ಅವಳು. ಬಾಯಲ್ಲಿ ಹೇಳಿದ್ದು ಮಗಳ ಗೆಳತಿಯರಿಗೆ ಹೋಯಿತು, ಅವರು ಲೈಬ್ರರಿಗೆ ಬಂದು ಮುಂದೆಂತಾಯ್ತು ಎಂದು ಕೇಳಿದರು. ಮರೆತುಹೋಗಬಾರದೆಂದು ವೈಜಯಂತಿ ಬರೆಯತೊಡಗಿದಳು. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು, ದಿನಕ್ಕೆ ಒಂದೋ ಎರಡೋ ಪುಟ. ಗಂಡ ನಿತೇಶ ಅಂಕೋಲಾ ಡಿಪೋದಲ್ಲಿ ಕಂಡಕ್ಟರ್. ಅವನ ಪಾಳಿ, ಗ್ಯಾಸ್ ಸಿಲಿಂಡರು, ನೀತಾಳ ಹರಿದ ಚೀಲದ ನಡುವೆ ಅವಳಿಗೆ ತನ್ನದೆಂದು ಸಿಗುತ್ತಿದ್ದದ್ದು ಆ ಒಂದು ಗಂಟೆಯೇ.

ಪ್ರೇಕ್ಷಾ ಇಲ್ಲದಿದ್ದರೆ ಕಥೆ ಹಾಗೇ ಸುಖವಾಗಿ ಸಾಗುತ್ತಿತ್ತೇನೋ. ಎಂಟನೇ ಇಯತ್ತೆಯ ಉದ್ದ ಜಡೆಯ ಹುಡುಗಿ, ಗದ್ದೆಯವರ ಮನೆಯವಳು. ಗಂಗೂಗೆ ಬಂದ ಪ್ರತಿಯೊಂದು ಚೀಟಿಯ ಗುಟ್ಟನ್ನು ಗಂಗೂಗಿಂತ ಮೊದಲು ಒಡೆಯುವುದು ಅವಳ ಹಟ. ಅಕ್ಷರ ಹಿಂದುಮುಂದು ಮಾಡಿ ಬರೆದದ್ದನ್ನು ಮೆಟ್ಟಿಲ ಮೇಲೆ ನಿಂತೇ ಬಿಡಿಸಿದಳು. ಕಾಗುಣಿತದ ಲೆಕ್ಕದ್ದನ್ನು ಒಂದು ಮಧ್ಯಂತರ ಬಿಡುವಿನಲ್ಲಿ ಮುಗಿಸಿದಳು. ಹದಿಮೂರನೇ ಅಧ್ಯಾಯ ಮರಳಿಸುವಾಗ ಮೇಜಿಗೆ ಒರಗಿ ನಿಂತಳು.

“ಅಕ್ಕೋರೆ, ನಿಮ್ಮ ಕಳ್ಳರು ಬಾಳ ಪಾಪದವರು. ಇಂಥ ಚೀಟಿ ಬರದ್ರೆ ನಮ್ಮ ಅಜ್ಜಿನೇ ಹಿಡೀತದೆ. ಅದ್ಕೆ ಕಣ್ಣೂ ಕಾಣೂದಿಲ್ಲ.”

ಸುತ್ತಲಿದ್ದ ಮಕ್ಕಳು ನಕ್ಕವು. ವೈಜಯಂತಿಯೂ ನಕ್ಕಳು. ಆದರೆ ಆ ಮಾತು ಮನೆಯವರೆಗೂ ಅವಳ ಹಿಂದೆಯೇ ಬಂತು. ಯಾರೂ ಒಡೆಯಲಾಗದ ಒಂದು ಗುಟ್ಟು ಬೇಕು. ಹಾಗಂದುಕೊಂಡಾಗಲೇ ಅದು ತನ್ನಲ್ಲಿ ಇದೆ ಎಂಬುದು ಅವಳಿಗೆ ನೆನಪಾಯಿತು.

ಅವಳ ಅಪ್ಪ ಕುಪ್ಪ ಬೈತಖೋಲದ ಮೀನುಗಾರ. ದೊಡ್ಡ ಬೋಟಿನವನಲ್ಲ, ಇಬ್ಬರು ಕೂತು ಹೋಗುವ ದೋಣಿ, ಹಿಂದೆ ಸಣ್ಣ ಎಂಜಿನ್. ಸಮುದ್ರದ ಅರ್ಧ ದಿಕ್ಕಿನಲ್ಲಿ ನೇವಿಯವರ ಗಡಿ, ಉಳಿದರ್ಧದಲ್ಲಿ ದೊಡ್ಡ ಬೋಟುಗಳ ಬಲೆ. ಆ ನಡುವೆ ಅರವತ್ತೆಂಟು ದಾಟಿದ ಕುಪ್ಪ ಇಂದಿಗೂ ಬರಿಗೈಯಲ್ಲಿ ಮರಳುವುದು ಅಪರೂಪವೆಂದರೆ ಅದಕ್ಕೆ ಒಂದು ಕಲ್ಲು ಕಾರಣ. ನೀರಿನಡಿಯ ಕಲ್ಲು, ಅದರ ಸಂದಿಗಳಲ್ಲಿ ಗೊಬ್ರಾ ಮೀನು. ಮೇಲಿನಿಂದ ನೋಡಿದರೆ ಎಲ್ಲ ಕಡೆ ಇದ್ದ ಹಾಗೇ ನೀರು. ಆ ಜಾಗ ಹಿಡಿಯಲು ಹಿಂದಿನವರು ದಡದ ಎರಡು ವಸ್ತುಗಳನ್ನು ಆರಿಸಿಕೊಳ್ಳುತ್ತಿದ್ದರು. ಹಿಂದಿನದು ಮುಂದಿನದರ ನೇರಕ್ಕೆ ಬಂದಾಗ ಒಂದು ಗೆರೆ. ಬೇರೆ ದಿಕ್ಕಿನ ಇನ್ನೆರಡರಿಂದ ಇನ್ನೊಂದು ಗೆರೆ. ಎರಡೂ ಕೂಡಿದಲ್ಲಿ ಕಲ್ಲು. ಇದಕ್ಕೆ ಅವರು ಖೂಣ ಎನ್ನುತ್ತಾರೆ. ಈಗ ಮೊಬೈಲಿನಲ್ಲೇ ಜಾಗದ ಗುರುತು ಹಾಕಬಹುದು, ನಿಜ. ಆದರೆ ಗುರುತು ಹಾಕಲು ಮೊದಲು ಅಲ್ಲಿಗೆ ಹೋಗಬೇಕು, ಹೋಗಲು ಯಾರಾದರೂ ತೋರಿಸಬೇಕು. ಖೂಣವನ್ನು ತಂದೆ ಮಗನಿಗೆ ಹೇಳುತ್ತಾನೆ. ಮಗಳಿಗೆ ಹೇಳುವ ಪದ್ಧತಿಯಿಲ್ಲ. ಮಗಳು ನಾಳೆ ಬೇರೆ ಮನೆಗೆ ಹೋಗುವವಳು.

ವೈಜಯಂತಿಗೆ ಒಂಬತ್ತು ತುಂಬಿದ ವರ್ಷ ಅವಳ ಆಯಿ ತಮ್ಮ ರವಿಕಿರಣನನ್ನು ಹೆತ್ತು ಮಲಗಿದ್ದಳು. ಮನೆಯಲ್ಲಿ ಇವಳ ಗಲಾಟೆ ತಡೆಯಲಾಗದೆ ಕುಪ್ಪ ಒಂದು ಮುಂಜಾನೆ ಇವಳನ್ನು ದೋಣಿಯ ಮುಂದಿನ ಹಲಗೆಯ ಮೇಲೆ ಕೂರಿಸಿಕೊಂಡು ಹೊರಟ. ಕಲ್ಲಿನ ಮೇಲೆ ಬಂದಾಗ ಎಂಜಿನ್ ನಿಲ್ಲಿಸಿ, ಅವಳ ಗದ್ದ ಹಿಡಿದು ತಿರುಗಿಸಿ, ಎರಡು ಸಾಲು ಬಾಯಿಪಾಠ ಮಾಡಿಸಿದ. ಆ ಸಾಲುಗಳನ್ನು ಇಲ್ಲಿ ಇದ್ದಂತೆಯೇ ಬರೆಯುವುದು ಸರಿಯಲ್ಲ; ಅವುಗಳ ಬದಲಿಗೆ ಅಂಥವೇ ಬೇರೆರಡು: ಬಿಳಿ ಹೆಣ್ಣು ಮುದುಕನ ಹೆಗಲ ಮೇಲೆ ಕೂರಬೇಕು, ಒಂಟಿ ತಾಳೆ ದೇವರ ಬಾಗಿಲಲ್ಲಿ ನಿಲ್ಲಬೇಕು. ಬಿಳಿ ಹೆಣ್ಣೆಂದರೆ ದೀಪಸ್ತಂಭ, ಮುದುಕನೆಂದರೆ ಅದರ ಹಿಂದಿನ ಗುಡ್ಡ, ದೇವರ ಬಾಗಿಲೆಂದರೆ ದಡದ ಗುಡಿ. ಮನೆಗೆ ಬಂದು ಇವಳು ಹಾಡಿದ್ದು ಕೇಳಿ ಆಯಿ ಹಾಸಿಗೆಯಿಂದಲೇ ಗಂಡನಿಗೆ ಬೈದಳಂತೆ, ಹೆಣ್ಣಿಗೆ ಹೇಳಿದ ಖೂಣ ಊರಿಗೇ ಹೇಳಿದ ಹಾಗೆ ಎಂದು. ಕುಪ್ಪ ನಕ್ಕಿದ್ದ.

ಆ ಎರಡು ಸಾಲುಗಳೇ ಹದಿನಾಲ್ಕನೇ ಅಧ್ಯಾಯದಲ್ಲಿ ಇಸವಣದ ಬಾಯಿಂದ ಹೊರಗೆ ಬಂದವು. ಕದ್ದ ಮೂರ್ತಿಯ ಪೆಟ್ಟಿಗೆಯನ್ನು ಕಳ್ಳರು ಮುಳುಗಿಸಿಟ್ಟ ಜಾಗದ ಚೀಟಿ. ವೈಜಯಂತಿ ಅದನ್ನು ಬರೆಯುವಾಗ ಕೈ ತಡೆಯಲಿಲ್ಲ. ಆ ಮುಂಜಾನೆಯ ತಂಪು, ಗದ್ದದ ಮೇಲೆ ಅಪ್ಪನ ಒರಟು ಬೆರಳು, ಎಲ್ಲ ತಾನಾಗಿ ಇಳಿದು ಬಂತು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಬರೆದಿರಲಿಲ್ಲ. ಅಳುಕು ಬಂದಾಗ ತನಗೆ ತಾನೇ ಹೇಳಿಕೊಂಡಳು: ಓದುವವರು ಹಟ್ಟಿಕೇರಿಯ ಗದ್ದೆಯವರ ಮಕ್ಕಳು, ನೌಕರಿಯವರ ಮಕ್ಕಳು. ಸಮುದ್ರವನ್ನು ಅವರು ದಂಡೆಯಿಂದ ನೋಡುವವರು. ಇದನ್ನು ಇಟ್ಟುಕೊಂಡು ಎಂತ ಮಾಡುತ್ತಾರೆ?

ಪ್ರೇಕ್ಷಾಗೆ ಒಡೆಯಲಾಗಲಿಲ್ಲ. ಒಂದು ವಾರ, ಎರಡು ವಾರ. ಸಾಲುಗಳನ್ನು ಅಂಗೈ ಮೇಲೆ ಬರೆದುಕೊಂಡು ತಿರುಗಿದಳು. ವೈಜಯಂತಿಗೆ ಒಳಗೊಳಗೇ ಹೆಮ್ಮೆ.

ಜನವರಿಯಲ್ಲಿ ಲೈಬ್ರರಿಯ ಮಕ್ಕಳನ್ನು ಒಂದು ದಿನ ಹೊರಗೆ ಕರೆದೊಯ್ಯಬೇಕೆಂದಾಯಿತು. ಹದಿನೆಂಟು ಮಕ್ಕಳು, ಚಿತ್ರಾನ್ನದ ಡಬ್ಬಿಗಳು, ವಾಂತಿಗೆಂದು ಪ್ಲಾಸ್ಟಿಕ್ ಚೀಲ. ಕಾರವಾರದಿಂದ ಬೋಟಿನಲ್ಲಿ ದೇವಬಾಗ, ಅಲ್ಲಿಂದ ಸ್ವಲ್ಪ ಹೊರಕ್ಕೆ ಹೋಗಿ ಡಾಲ್ಫಿನ್ ನೋಡುವುದು. ಬೋಟಿನವನು ದೇವಬಾಗದ ಸೋಮು, ನಲವತ್ತೈದರ ಆಸುಪಾಸಿನವನು. ಪ್ರವಾಸಿಗರಿದ್ದಾಗ ಅವರನ್ನು ಸುತ್ತಿಸುವವನು, ಇಲ್ಲದಾಗ ಬಲೆ ಬಿಡುವವನು. ಮಕ್ಕಳಿಗೆ ಜಾಕೆಟ್ ಕಟ್ಟುತ್ತ, ಬಿಗಿಯಾಯ್ತಾ ಇಲ್ಲಾ ಉಸಿರೇ ನಿಂತೋಯ್ತಾ ಎಂದು ತಮಾಷೆ ಮಾಡಿದ.

ಡಾಲ್ಫಿನ್ ಕಾಣಲಿಲ್ಲ. ಮಕ್ಕಳು ಬೇಸರಪಟ್ಟುಕೊಂಡವು. ಸೋಮು ಇನ್ನಷ್ಟು ಹೊರಕ್ಕೆ ತೆಗೆದುಕೊಂಡು ಹೋದ. ಆಗ ಮುಂದೆ ಕೂತಿದ್ದ ಪ್ರೇಕ್ಷಾ ಮೆಲ್ಲಗೆ ಎದ್ದಳು. ದೀಪಸ್ತಂಭದ ಕಡೆ ನೋಡಿದಳು, ಅಂಗೈ ನೋಡಿಕೊಂಡಳು. ಬೋಟು ಸರಿದಂತೆಲ್ಲ ಬಿಳಿ ಕಂಬವೂ ಹಿಂದಿನ ಗುಡ್ಡದ ಮೇಲೆ ಇಷ್ಟಿಷ್ಟೇ ಸರಿಯುತ್ತಿತ್ತು. ಅವಳ ಮುಖ ಕಂಡದ್ದೇ ವೈಜಯಂತಿ ತಾನೂ ಅರ್ಧ ಎದ್ದಳು. ಕೂತ್ಕೋ ಪ್ರೇಕ್ಷಾ, ಬೀಳ್ತೆ, ಎಂದಳು. ಹುಡುಗಿಗೆ ಕೇಳಲಿಲ್ಲ.

“ಬಿಳಿ ಹೆಣ್ಣು ಅದೇಯ. ಗುಡ್ಡದ ಹೆಗಲು ಹತ್ತೂಕೆ ಬಂತು ನೋಡ್ರೆ. ಇನ್ನು ತಾಳೆಮರ ಹುಡುಕ್ರಿ.”

ಹದಿನೆಂಟು ಮಕ್ಕಳೂ ಒಮ್ಮೆಗೇ ಎದ್ದವು. ತಾಳೆಮರ ಸಿಕ್ಕಿತು. ದೇವರ ಬಾಗಿಲೂ ಸಿಕ್ಕಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೈ ಬೀಸಿ ಸೋಮುವಿಗೆ ದಾರಿ ಹೇಳಿದವರು ಮಕ್ಕಳೇ. ಅವನು ಮೊದಲು ನಗುತ್ತ ಅವರು ಹೇಳಿದತ್ತ ತಿರುಗಿಸಿದ. ನಡುವೆ ಎಲ್ಲೋ ಅವನ ನಗು ನಿಂತಿತು. ಮಕ್ಕಳು ಇಲ್ಲೇ, ಇಲ್ಲೇ ಪೆಟ್ಟಿಗೆ ಎಂದು ಚಪ್ಪಾಳೆ ಹೊಡೆಯುವಾಗ ಅವನು ಎಂಜಿನ್ ಇಳಿಸಿ, ಬಗ್ಗಿ ನೀರು ನೋಡಿದ. ಕಿಸೆಯಿಂದ ಮೊಬೈಲ್ ತೆಗೆದು ಒಮ್ಮೆ ಒತ್ತಿ ಮತ್ತೆ ಒಳಗಿಟ್ಟ. ಆಮೇಲೆ ವೈಜಯಂತಿಯ ಕಡೆ ತಿರುಗಿದ.

“ನೀ ಬೈತಖೋಲದ ಕುಪ್ಪಣ್ಣನ ಮಗಳಲ್ವನೆ?”

ಹೌದು ಎಂದಳು. ಅವನು ತಲೆ ಅಲ್ಲಾಡಿಸಿದ, ಬೋಟು ತಿರುಗಿಸಿದ. ಮರಳುವ ದಾರಿಯಲ್ಲಿ ಮಕ್ಕಳು ಗಂಗೂ ಹೆಸರಿನಲ್ಲಿ ಜೈಕಾರ ಹಾಕಿದವು. ವೈಜಯಂತಿ ಚಿತ್ರಾನ್ನದ ಖಾಲಿ ಡಬ್ಬಿಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ಎರಡು ಸಲವೂ ಬೇರೆ ಬೇರೆ ಸಂಖ್ಯೆ ಬಂತು.

ಮೂರು ದಿನ ಬಿಟ್ಟು, ಆ ಜಾಗ ಮರೆತುಬಿಡಬೇಕೆಂದು ಕೇಳಿಕೊಳ್ಳಲು ಸೋಮುವಿಗೆ ಫೋನ್ ಮಾಡಿದಳು. ಅವನು ಒರಟಾಗಿ ಮಾತಾಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

“ನಾ ಯಾರಿಗೂ ಹೇಳೂದಿಲ್ಲ ತಂಗಿ. ಹೇಳೂಕೆ ನಂಗೇನು ಹುಚ್ಚ? ಆದ್ರೆ ಕಂಡದ್ದನ್ನ ಕಾಣ್ಲಿಲ್ಲ ಅಂತ ಮಾಡೂದು ಹ್ಯಾಂಗೆ? ಗಾಳ ಹಾಕೂಕೆ ಬರೂ ಪ್ರವಾಸಿಗ್ರು ಮೀನು ಸಿಕ್ಕಲಿಲ್ಲ ಅಂದ್ರೆ ಮತ್ತೆ ಬರೂದಿಲ್ಲ. ನಂಗೂ ಮಕ್ಳಿದ್ದಾವೆ.”

ಸಮುದ್ರ ಯಾರ ಅಪ್ಪನ ಮನೆಯ ಹಿತ್ತಲೂ ಅಲ್ಲ, ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಅವಳು ಆಯ್ತು ಸೋಮಣ್ಣ ಎಂದು ಫೋನ್ ಇಟ್ಟಳು. ಲೈಬ್ರರಿಯಲ್ಲಿ ನೋಟ್‌ಬುಕ್ಕಿನಿಂದ ಹದಿನಾಲ್ಕನೇ ಅಧ್ಯಾಯದ ಹಾಳೆಗಳನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಚೀಲಕ್ಕೆ ಹಾಕಿಕೊಂಡಳು. ಆ ಜಾಗಕ್ಕೆ ಅಕ್ಷರ ಅದಲುಬದಲಿನ ಹೊಸ ಚೀಟಿಯೊಂದನ್ನು ಬರೆದು ಅಂಟಿಸಿದಳು. ಕೈ ಏನಾದರೂ ಮಾಡುತ್ತಿರಬೇಕಿತ್ತು, ಅಷ್ಟೇ. ಪ್ರೇಕ್ಷಾ ಅದನ್ನು ಓದಿ, ಇದು ಬಾಳ ಸಸಾರ ಎಂದು ಮರಳಿಸಿದಳು. ಹೋಗುವಾಗ ಬಾಗಿಲಲ್ಲಿ ನಿಂತು, ಆ ಜಾಗದಲ್ಲಿ ಖರೇನೂ ಎಂತಾದ್ರೂ ಇತ್ತಾ ಅಕ್ಕೋರೆ ಎಂದು ಕೇಳಿದಳು. ಇಲ್ಲ, ಕಥೆ ಅದು ಎಂದಳು ವೈಜಯಂತಿ. ಹುಡುಗಿ ನಂಬಲಿಲ್ಲ. ನಂಬಲಿಲ್ಲ ಎಂಬುದನ್ನು ತೋರಿಸಿಕೊಳ್ಳಲೂ ಇಲ್ಲ. ಅದನ್ನು ಕಲಿಸಿದ್ದು ಗಂಗೂವೇ.

ಫೆಬ್ರವರಿ ಮೊದಲ ವಾರ ತಮ್ಮ ರವಿಕಿರಣನ ಫೋನ್ ಬಂತು. ಏನೋ ಕೆಟ್ಟದ್ದಾಗಿದೆ ಎಂದು ಅವನ ದನಿ ಕೇಳಿದರೇ ಗೊತ್ತಾಗುತ್ತಿತ್ತು. ಕಲ್ಲಿನ ಮೇಲೆ ದೇವಬಾಗದ ಬೋಟು ನಿಂತಿತ್ತಂತೆ. ಟೋಪಿ ಹಾಕಿದ ನಾಲ್ಕು ಜನ ಗಾಳ ಬಿಟ್ಟುಕೊಂಡು ಹಾಡು ಹಚ್ಚಿದ್ದರಂತೆ. ಮರುದಿನ ಬೇರೊಂದು ದೋಣಿ, ಆಚೆ ದಿನ ಮತ್ತೆರಡು. ಕುಪ್ಪ ಯಾರಿಗೂ ಏನೂ ಅನ್ನದೆ ದೋಣಿ ತಿರುಗಿಸಿಕೊಂಡು ಬಂದಿದ್ದ. ದಡಕ್ಕೆ ಬಂದ ಮೇಲೆ ಮಗನ ಕಡೆ ನೋಡಿ ಒಂದೇ ಮಾತು ಕೇಳಿದ್ದ: ದೇವಬಾಗದ ಮದುವೆಗೆ ಹೋದವ ಕುಡಿದು ಎಂತೆಂತ ಮಾತಾಡ್ದೆ?

ಖೂಣ ಗೊತ್ತಿದ್ದವರು ಲೋಕದಲ್ಲಿ ಮೂವರು. ಕುಪ್ಪ, ರವಿಕಿರಣ, ವೈಜಯಂತಿ. ಮಗಳು ಹೇಳಿರಬಹುದೆಂಬುದು ಕುಪ್ಪನ ತಲೆಗೇ ಬಂದಿರಲಿಲ್ಲ.

“ನಾ ಆಣೆ ಮಾಡ್ದೆ ಅಕ್ಕ,” ಎಂದ ರವಿಕಿರಣ. “ಆಯಿ ಫೋಟೋ ಮುಟ್ಟಿ ಹೇಳ್ದೆ. ಅಪ್ಪ ನನ್ನ ಮುಖಾನೇ ನೋಡೂದಿಲ್ಲ. ನೀ ಒಂದ್ಸಲ ಹೇಳು ಅವ್ರಿಗೆ. ನಿನ್ನ ಮಾತು ಕೇಳ್ತಾರೆ.”

ಹೇಳಲು ಅದೇ ಹೊತ್ತಾಗಿತ್ತು. ಬಾಯಿ ತೆರೆದಳು ಕೂಡ. ಬಂದದ್ದು, ಉಂಡ್ಯಾ ರವಿ, ಎಂಬ ಮಾತು.

ಅಲ್ಲಿಂದ ಮುಂದೆ ಇಪ್ಪತ್ತು ದಿನ ಅವಳು ಹೀಗೇ ಕಳೆದಳು. ಎರಡು ದಿನಕ್ಕೊಮ್ಮೆ ತಮ್ಮನಿಗೆ ಫೋನ್ ಮಾಡುವುದು, ಉಂಡ್ಯಾ ಎನ್ನುವುದು, ಎಲ್ಲ ಸರಿ ಹೋಗ್ತದೆ ಎನ್ನುವುದು. ನಿತೇಶನಿಗೆ ಎಲ್ಲ ಹೇಳಿದಳು. ಅವನು ಟಿಕೆಟ್ ಯಂತ್ರ ಚೀಲಕ್ಕೆ ಹಾಕುತ್ತ, ಅಪ್ಪ ಮಗನ ಸಿಟ್ಟು ಮಳೆಗಾಲದವರೆಗೂ ಇರೂದಿಲ್ಲ, ನೀ ನಡುವೆ ಹೋಗಿ ನಿಂದೂ ಒಂದು ಹೊರೆ ಮಾಡ್ಕಳಬೇಡ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವಳಿಗೂ ಹಾಗೆ ನಂಬುವುದು ಬೇಕಿತ್ತು. ಆದರೆ ಕುಪ್ಪ ಒಬ್ಬನೇ ದೋಣಿ ಇಳಿಸುತ್ತಿದ್ದಾನೆ, ಮಗ ಕೈ ಹಾಕಿದರೆ ಕೈ ತೆಗೆ ಎನ್ನುತ್ತಾನೆ ಎಂಬ ಸುದ್ದಿ ಬಂತು. ಆಮೇಲೆ, ರವಿಕಿರಣ ಬೇರೆಯವರ ದೊಡ್ಡ ಬೋಟಿಗೆ ಖಲಾಸಿಯಾಗಿ ಹೋಗಲಿದ್ದಾನೆ ಎಂಬುದು. ಸ್ವಂತ ದೋಣಿಯಿದ್ದ ಮನೆಯ ಮಗ ಇನ್ನೊಬ್ಬರ ಬೋಟಿನಲ್ಲಿ ಬಲೆ ಎಳೆಯುವ ಆಳು. ಆದಿತ್ಯವಾರ ಸಂಜೆ ಬೋಟು ಹೊರಡುತ್ತದೆ, ಹತ್ತು ದಿನ ಸಮುದ್ರದಲ್ಲೇ. ಒಮ್ಮೆ ಹೋದವನು ಮತ್ತೆ ಅಪ್ಪನ ದೋಣಿಗೆ ಮರಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪನ ಕೈ ಎಷ್ಟು ದಿನ ಒಬ್ಬನೇ ಎಳೆಯಬಲ್ಲದು ಎಂಬುದೂ.

ಆದಿತ್ಯವಾರ ಬೆಳಿಗ್ಗೆ ಬಂಗಡೆ ಸಾರು ಮಾಡಿ ನಿತೇಶನಿಗೆ ಮುಚ್ಚಿಟ್ಟು, ಕತ್ತರಿಸಿದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ನೀತಾಳ ಕೈ ಹಿಡಿದು ಬಸ್ ಹತ್ತಿದಳು.

ಬೈತಖೋಲದ ಮನೆಯ ಜಗಲಿಯಲ್ಲಿ ಕುಪ್ಪ ಬಲೆ ಹೆಣೆಯುತ್ತಿದ್ದ. ಕಾಲ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡಿದ್ದ. ಮೊಮ್ಮಗಳನ್ನು ನೋಡಿ ಮುಖ ಅರಳಿತು. ಮಗಳನ್ನು ನೋಡಿ, ಎಂತದೇ ಇಷ್ಟು ಬಡವಾಗಿದ್ದೆ ಎಂದ. ಒಳಗೆ ರವಿಕಿರಣ ಎರಡು ಅಂಗಿ, ಒಂದು ಚಾದರವನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಬಂದದ್ದು ಕಂಡು ಅವನ ಮುಖದಲ್ಲಿ ಒಂದು ಆಸೆ ಕಾಣಿಸಿಕೊಂಡಿತು. ಅದನ್ನು ನೋಡಲಾರದೆ ವೈಜಯಂತಿ ಜಗಲಿಯಲ್ಲೇ ಕೂತಳು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಮಗಳು ಮಕ್ಕಳಿಗೆ ಕಥೆ ಬರೆಯುತ್ತಾಳೆಂಬುದು ಗೊತ್ತಿತ್ತು, ಕೇಳಿರಲಿಲ್ಲ. ನಾ ಬರದದ್ದು ಓದ್ತೆ ಅಪ್ಪಾ, ಕೇಳು ಎಂದಳು. ಕುಪ್ಪನಿಗೆ ಆಶ್ಚರ್ಯವಾಯಿತು, ಓದು ಓದು ಎಂದ. ಅವಳಿಗೆ ತಾನಾಗಿ ಹೇಳುವ ಧೈರ್ಯವಿರಲಿಲ್ಲ. ಹಾಳೆಯ ಮೇಲಿದ್ದದ್ದನ್ನು ಓದುವಷ್ಟು ಮಾತ್ರ ಇತ್ತು.

ಗಂಗೂ ಧಕ್ಕೆಗೆ ಬಂದಳು. ಬುಟ್ಟಿಗಳನ್ನು ಎಣಿಸಿದಳು. ಇಸವಣದ ಬಾಯಿಗೆ ಕೈ ಹಾಕಿದಳು. ಕುಪ್ಪ ನಕ್ಕ. ಕಾಗದದ ಚೀಟಿ ಮೀನಿನ ಬಾಯಲ್ಲಿಟ್ರೆ ಒದ್ದೆ ಆಗೂದಿಲ್ವನೆ, ನಿನ್ನ ಗಂಗೂಗೆ ಅಷ್ಟೂ ತಿಳೂದಿಲ್ಲ ಎಂದ. ನೀತಾ, ಮೇಣದ ಕಾಗದ ಅಜ್ಜಾ ಎಂದು ಗಂಗೂವಿನ ಪರ ವಹಿಸಿದಳು. ಹಂಗಾದ್ರೆ ಅಡ್ಡಿಲ್ಲ ಎಂದ ಕುಪ್ಪ.

ವೈಜಯಂತಿ ಮುಂದಿನ ಎರಡು ಸಾಲು ಓದಿದಳು.

ಬಲೆಯ ಕಣ್ಣಿನೊಳಗೆ ಹೋಗಿದ್ದ ಸೂಜಿ ಅಲ್ಲೇ ನಿಂತಿತು. ಅವಳು ತಲೆ ಎತ್ತದೆ, ಅದೇ ದನಿಯಲ್ಲಿ, ಅಧ್ಯಾಯದ ಕೊನೆಯವರೆಗೂ ಓದಿದಳು. ಆಮೇಲೆ ಜನವರಿಯ ಬೋಟನ್ನು ಹೇಳಿದಳು, ಮಕ್ಕಳು ಚಪ್ಪಾಳೆ ಹೊಡೆದದ್ದನ್ನು, ಸೋಮುವಿನ ಮೊಬೈಲನ್ನು. ಹೇಳಿ ಮುಗಿಸುವಾಗ ಬಾಗಿಲಲ್ಲಿ ರವಿಕಿರಣ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕುಪ್ಪ ಹೆಬ್ಬೆರಳಿನಿಂದ ಬಲೆ ಬಿಡಿಸಿಕೊಂಡ. ಬಹಳ ನಿಧಾನವಾಗಿ, ಗಂಟು ಬೀಳದಂತೆ.

“ರವಿ,” ಎಂದ. ಇಪ್ಪತ್ತು ದಿನದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. “ಚೀಲ ಬಿಚ್ಚು. ನಾಳೆ ಬೆಳಿಗ್ಗೆ ಚುಕ್ಕಾಣಿ ನೀ ಹಿಡಿ.”

ಬೇರೆ ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ರವಿಕಿರಣ ಅಕ್ಕನ ಕಡೆ ನೋಡಿದ.

“ಇಪ್ಪತ್ತು ದಿವ್ಸ ಅಕ್ಕ. ಇಪ್ಪತ್ತು ದಿವ್ಸ ನೀ ಫೋನ್ ಮಾಡಿ ಉಂಡ್ಯಾ ಉಂಡ್ಯಾ ಅಂತ ಕೇಳ್ದೆ.”

ಅಷ್ಟು ಹೇಳಿ ಒಳಗೆ ಹೋದ. ಅವಳು ಕಾಯುತ್ತಿದ್ದದ್ದು ಅಪ್ಪನ ಬೈಗುಳಕ್ಕೆ. ಅದು ಬರಲಿಲ್ಲ. ಕುಪ್ಪ ಸಮುದ್ರದ ಕಡೆ ಮುಖ ಮಾಡಿಕೊಂಡು, ತನ್ನಷ್ಟಕ್ಕೆ ಎಂಬಂತೆ ಹೇಳಿದ.

“ನಿಂದಲ್ಲ ತಪ್ಪು. ನಿಂಗೆ ಹೇಳಿದವ ನಾನು. ನಿಮ್ಮ ಆಯಿ ಅವತ್ತೇ ಹೇಳಿತ್ತು.”

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಜೋಪಾನ ಮಾಡಿಟ್ಟುಕೊಂಡಿದ್ದ ಒಂದು ಮುಂಜಾನೆಯನ್ನು ಅಪ್ಪ ಎರಡು ಮಾತಿನಲ್ಲಿ ತನ್ನ ತಪ್ಪುಗಳ ಜೊತೆ ಸೇರಿಸಿಬಿಟ್ಟಿದ್ದ. ನೀತಾ ತಾಯಿಯ ಮುಖವನ್ನೂ ಅಜ್ಜನ ಮುಖವನ್ನೂ ಸರದಿಯಂತೆ ನೋಡುತ್ತಿದ್ದಳು.

ಅವತ್ತು ಮರಳಿ ಹೋಗುವ ಬಸ್ಸಿಗೆ ಅವಳು ಹೋಗಲಿಲ್ಲ. ಅಡಿಗೆ ಮಾಡಿದಳು, ತಮ್ಮನ ಹರಿದ ಅಂಗಿಗೆ ಗುಂಡಿ ಹಚ್ಚಿದಳು. ಅವನು ತಾಟು ಹಿಡಿದು ಹೊರಗೆ ಕೂತು ಉಂಡ. ಬೋಟಿನ ಮಾಲಕ ಒಮ್ಮೆ ಫೋನ್ ಮಾಡಿದಾಗ, ಬರೂದಿಲ್ಲ ಎಂದು ಹೇಳಿದ್ದು ಅವಳಿಗೆ ಕೇಳಿಸಿತು.

ಬೆಳಕು ಹರಿಯುವ ಹೊತ್ತಿಗೆ ಮೂವರೂ ದೋಣಿಯ ಬಳಿ ಇದ್ದರು. ನೀತಾ ಕಣ್ಣುಜ್ಜುತ್ತ ಹಿಂದೆಯೇ ಬಂದಿದ್ದಳು. ವೈಜಯಂತಿ ಸೀರೆ ಎತ್ತಿಕಟ್ಟಿ ಒಂದು ಬದಿಗೆ ಹೆಗಲು ಕೊಟ್ಟಳು. ರವಿಕಿರಣ ಬೇಡವೆನ್ನಲಿಲ್ಲ. ದೋಣಿ ನೀರಿಗಿಳಿದು ಹಗುರಾದಾಗ ಅವಳು ತನಗರಿವಿಲ್ಲದೆ ಮುಂದಿನ ಹಲಗೆಯ ಮೇಲೆ ಕೈಯಿಟ್ಟಳು. ಕುಪ್ಪ ಆ ಕೈಯನ್ನು ನೋಡಿದ.

“ನೀ ಇಲ್ಲೇ ಇರು ಮಗಾ,” ಎಂದ. ಸಿಟ್ಟಿನಿಂದಲ್ಲ. ಆಮೇಲೆ ಮಗನ ಕಡೆ ತಿರುಗಿ, ದನಿ ತಗ್ಗಿಸಿ, “ಆ ಕಲ್ಲಿನ ಆಶೆ ಬಿಟ್ಬಿಡು. ಇನ್ನೊಂದದೆ. ನಾ ಯಾರಿಗೂ ಹೇಳ್ಲಿಲ್ಲಾಗಿತ್ತು.”

ಯಾರಿಗೂ ಎಂಬುದರಲ್ಲಿ ಒಂಬತ್ತು ವರ್ಷದ ಹುಡುಗಿಯೂ ಇದ್ದಳು. ವೈಜಯಂತಿ ಹಲಗೆಯಿಂದ ಕೈ ತೆಗೆದಳು.

ಎಂಜಿನ್ ಹತ್ತಿತು. ಚುಕ್ಕಾಣಿ ರವಿಕಿರಣನ ಕೈಯಲ್ಲಿ. ಮುಂದೆ ಕೂತ ಕುಪ್ಪ ಬೆರಳು ಚಾಚಿ ಏನೋ ತೋರಿಸತೊಡಗಿದ್ದ. ದೋಣಿ ಧಕ್ಕೆಯ ಆಚೆ ತುದಿ ದಾಟುವವರೆಗೆ ಅವಳು ನಿಂತು ನೋಡಿದಳು. ಇನ್ನು ಸ್ವಲ್ಪ ಹೊತ್ತು ನೋಡಿದರೆ ಸಾಕಾಗಿತ್ತು. ದೋಣಿ ಯಾವ ಕಡೆ ತಿರುಗುತ್ತದೆ, ಅಪ್ಪ ಯಾವ ಗುಡ್ಡವನ್ನು ಎಡಕ್ಕೆ ಬಿಡುತ್ತಾನೆ, ಎಂಜಿನ್ ಎಲ್ಲಿ ನಿಲ್ಲುತ್ತದೆ. ಅಪ್ಪನೇ ಕಲಿಸಿದ ಕಣ್ಣು. ಬೇಡವೆಂದರೂ ಲೆಕ್ಕ ಹಾಕುತ್ತಿತ್ತು.

ಅವಳು ಸಮುದ್ರಕ್ಕೆ ಬೆನ್ನು ಹಾಕಿ ನಿಂತಳು. ಎದುರಿಗೆ ಮಂಜುಗಡ್ಡೆಯ ಲಾರಿ, ಬುಟ್ಟಿ ಹೊತ್ತು ಬರುವ ಹೆಂಗಸರು, ಹರಾಜಿಗೆ ಕಾಯುವ ಜನ. ಮಗ್ಗುಲಲ್ಲಿ ನೀತಾ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು, ಬಿಸಿಲಿಲ್ಲದಿದ್ದರೂ, ದೋಣಿಯನ್ನೇ ನೋಡುತ್ತಿದ್ದಳು. ಗಂಗೂ ಹಾಗೆಯೇ ನೋಡುತ್ತಿದ್ದಳು, ಮೂರನೇ ಅಧ್ಯಾಯದಲ್ಲಿ.

“ಆಯೀ, ಅಜ್ಜ ಆ ಕಡೆ...”

ವೈಜಯಂತಿ ಮಗಳ ಎರಡೂ ಹೆಗಲು ಹಿಡಿದು ಇತ್ತ ತಿರುಗಿಸಿದಳು. ಎಂಜಿನ್ನಿನ ಸದ್ದು ಬೆನ್ನ ಹಿಂದೆ ದೂರವಾಗುತ್ತಿತ್ತು. ಅದರಿಂದಲೂ ದಿಕ್ಕು ತಿಳಿಯುತ್ತಿತ್ತು. ಅವಳು ಅದಕ್ಕಿಂತ ದೊಡ್ಡ ದನಿಯಲ್ಲಿ ಮಾತಾಡತೊಡಗಿದಳು. ಇವತ್ತು ಶಾಲೆಗೆ ಹೊತ್ತಾಗ್ತದೆ, ಎಂಟರ ಬಸ್ ಹಿಡೀಬೇಕು, ಡಬ್ಬಿಗೆ ಅವಲಕ್ಕಿ ಸಾಕಾ, ಇಲ್ಲಾ ಹೋಗುವಾಗ ಬನ್ಸ್ ತಗೊಳ್ವಾ, ಗಣಿತದ ಪುಸ್ತಕ ಮನೆಯಲ್ಲೇ ಉಳೀತಲ್ಲ, ಎಂದು ಒಂದೇ ಸಮನೆ, ಉಸಿರು ತೆಗೆದುಕೊಳ್ಳದೆ.